ತಪ್ಪಾಗಿ ಬರೆದುಕೊಂಡ ಒಂದು ಮಾತು

ದುಬೈಯಲ್ಲಿ ನನ್ನ ಅರಬ್ಬಿ ಭಾಷೆಯ ಅಗಲ ಒಂದು ಮೇಜಿನಷ್ಟು. ಅಲ್ ಬರ್ಷಾದ ಒಂದು ಮಕ್ಕಳ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಒಂಬತ್ತು ವರ್ಷ ಕೂತು ಕಲಿತದ್ದು ಅದು. ಮಗುವಿನ ಹೆಸರೇನು, ವಯಸ್ಸೆಷ್ಟು, ಜ್ವರ ಎಷ್ಟು ದಿನದಿಂದ, ಇನ್ಶೂರೆನ್ಸ್ ಕಾರ್ಡ್ ಎಲ್ಲಿ, ಅಲ್ಲಿ ಕೂತುಕೊಳ್ಳಿ, ಡಾಕ್ಟರ್ ಈಗ ಕರೆಯುತ್ತಾರೆ. ಇಷ್ಟರೊಳಗೆ ಯಾರು ಏನು ಕೇಳಿದರೂ ನಾನು ತಡವರಿಸುತ್ತಿರಲಿಲ್ಲ. ಅದರಾಚೆ ಒಂದು ಹೆಜ್ಜೆ ಇಟ್ಟರೆ ಯಲ್ಲಾ, ಖಲಾಸ್, ಮಾಫಿ, ಅಂದರೆ ನಡಿ, ಮುಗಿಯಿತು, ಇಲ್ಲ ಎನ್ನುವ ಮೂರು ಪದಗಳನ್ನು ಹಿಡಿದುಕೊಂಡು ಈಜಬೇಕು. ಆದರೆ ದೂರದಿಂದ ನೋಡುವವರಿಗೆ ಇದು ಗೊತ್ತಾಗುತ್ತಿರಲಿಲ್ಲ. ‘ಅವಳಿಗೆ ಅರಬ್ಬಿ ಬರುತ್ತದೆ’ ಎಂದು ಕ್ಲಿನಿಕ್ಕಿನಲ್ಲಿ ನನಗೊಂದು ಹೆಸರಾಗಿತ್ತು. ನಾನೂ ಅದನ್ನು ತಿದ್ದಲು ಹೋಗಿರಲಿಲ್ಲ. ಊರಿನಲ್ಲಿ ಪಿಯುಸಿಗೆ ಓದು ನಿಲ್ಲಿಸಿ ಬಂದವಳಿಗೆ ಅಂಥದ್ದೊಂದು ಹೆಸರು ಬೇಕಾಗಿತ್ತು.

ಎರಡು ಸಾವಿರದ ಹತ್ತರ ದಶಕದ ನಡುವಿನ ವರ್ಷಗಳು. ಸಿರಿಯಾ, ಇರಾಕ್, ಯೆಮನ್ ಕಡೆಯಿಂದ ಬಂದ ಹೊಸ ಕುಟುಂಬಗಳು ಕ್ಲಿನಿಕ್ಕಿಗೆ ಹೆಚ್ಚಾಗಿ ಬರತೊಡಗಿದ್ದವು. ಮಕ್ಕಳಿಗೆ ಹೊಟ್ಟೆನೋವು ಎಂದು ಬರುತ್ತಿದ್ದರು. ಹೊಟ್ಟೆಯಲ್ಲಿ ಏನೂ ಇರುತ್ತಿರಲಿಲ್ಲ. ಹಾಗಾಗಿ ನಮ್ಮಲ್ಲಿದ್ದ ಇಂಗ್ಲೆಂಡಿನ ಕೌನ್ಸೆಲರ್ ಮೇಡಂ ಮಂಗಳವಾರ ಬೆಳಿಗ್ಗೆ ಮೇಲಿನ ಹಾಲ್‌ನಲ್ಲಿ ತಾಯಂದಿರಿಗೊಂದು ತರಗತಿ ಶುರು ಮಾಡಿದರು. ಹೊಸ ದೇಶದಲ್ಲಿ ಮಕ್ಕಳನ್ನು ಸಂಭಾಳಿಸುವುದು ಹೇಗೆ ಎಂಬುದು ವಿಷಯ. ಪುಸ್ತಕ ಅವರ ದೇಶದ್ದು, ಯಾರೋ ಅದನ್ನು ಅಚ್ಚ ಗ್ರಾಂಥಿಕ ಅರಬ್ಬಿಗೆ ಭಾಷಾಂತರಿಸಿದ್ದರು. ಅವರ ಮಾತನ್ನು ಅರಬ್ಬಿಗೆ ತಿರುಗಿಸಿ ಹೇಳಲು ಸುಡಾನಿನ ಒಬ್ಬ ನರ್ಸ್ ಇದ್ದಳು. ಮೂರನೇ ವಾರಕ್ಕೆ ಅವಳಿಗೆ ಹೆರಿಗೆ ರಜೆ ಬಂತು. ಇನ್ನೊಬ್ಬರು ಸಿಗುವವರೆಗೆ ನೀನು ನೋಡಿಕೋ ಎಂದು ನನ್ನನ್ನು ಮೇಲೆ ಕಳಿಸಿದರು.

ನನ್ನ ಕೆಲಸ ಹೆಚ್ಚಿನದ್ದೇನಲ್ಲ. ಹಾಜರಿ ಹಾಕುವುದು, ಅರಬ್ಬಿಯಲ್ಲಿದ್ದ ಪಾಠದ ಹಾಳೆಗಳನ್ನು ಹಂಚಿ ಅರ್ಥವಾಯಿತಾ ಎಂದು ಕೇಳುವುದು, ಚಹಾ ಇಡುವುದು, ಮೂಲೆಯ ಚಾಪೆಯ ಮೇಲೆ ಆಡುವ ಮಕ್ಕಳನ್ನು ನೋಡಿಕೊಳ್ಳುವುದು. ಜೊತೆಗೆ ತಾಯಿ ಮಗು ಹೇಗಿರುತ್ತಾರೆ ಎಂದು ನೋಡಿ, ಒಂದೊಂದು ಕುಟುಂಬಕ್ಕೆ ಒಂದೊಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವುದು. ಈ ಬರೆಯುವ ಕೆಲಸದಿಂದ ನನಗೆ ಸ್ವಲ್ಪ ಜಂಬ ಬಂದಿತ್ತು ಎಂದು ಒಪ್ಪಿಕೊಳ್ಳಬೇಕು.

ಬರುತ್ತಿದ್ದವರು ಒಂಬತ್ತು ಹೆಂಗಸರು. ಅವರಲ್ಲಿ ಒಬ್ಬಳು ಉತ್ತರ ಸಿರಿಯಾದ ಹಳ್ಳಿಯವಳು, ಮೂವತ್ತು ದಾಟಿರಲಿಲ್ಲ. ಗಂಡ ಅಬುಧಾಬಿಯ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕಿದ್ದ, ಗುರುವಾರ ಸಂಜೆ ಬಂದು ಶನಿವಾರ ಊಟ ಮಾಡಿ ಹೋಗುತ್ತಿದ್ದ. ಮನೆಯಲ್ಲಿ ಅತ್ತೆ, ಆರು ವರ್ಷದ ಮಗಳು, ಎರಡು ವರ್ಷದ ಮಗ. ಮಗಳು ಮನೆಯ ಹೊರಗೆ ಬಾಯಿ ಬಿಡುತ್ತಿರಲಿಲ್ಲ. ಮನೆಯೊಳಗೆ ತಮ್ಮನನ್ನು ಕಚ್ಚುತ್ತಿದ್ದಳು, ರಕ್ತ ಬರುವಂತೆ. ಆ ಕಾರಣಕ್ಕೇ ತಾಯಿ ಬಂದಿದ್ದಳು. ತರಗತಿಗೆ ಎಲ್ಲರಿಗಿಂತ ಮೊದಲು ತಲುಪುತ್ತಿದ್ದವಳು ಅವಳೇ.

ತರಗತಿ ಸಾಗುತ್ತಿರಲಿಲ್ಲ, ಕುಂಟುತ್ತಿತ್ತು. ಮಗು ಕೆಟ್ಟದಾಗಿ ನಡೆದುಕೊಂಡರೆ ಅದನ್ನು ಅದರ ಕೋಣೆಗೆ ಕಳಿಸಿ ಎಂದು ಪುಸ್ತಕ ಹೇಳುತ್ತಿತ್ತು. ಕೋಣೆ ಇಲ್ಲದಿದ್ದರೆ ಮೂಲೆಯಲ್ಲಿ ಒಂದು ಕುರ್ಚಿ ಹಾಕಿ ಒಂಟಿಯಾಗಿ ಕೂರಿಸಿ, ಎಷ್ಟು ವರ್ಷದ ಮಗುವೋ ಅಷ್ಟು ನಿಮಿಷ. ಒಳ್ಳೆಯ ಕೆಲಸ ಮಾಡಿದರೆ ಬಾಯ್ತುಂಬ ಹೊಗಳಿ, ನಕ್ಷತ್ರ ಅಂಟಿಸಿ. ಹೆಂಗಸರು ತಲೆಯಾಡಿಸುತ್ತಿದ್ದರು, ನಕ್ಷತ್ರ ಅಂಟಿಸುವ ಕಾಗದಗಳನ್ನು ಮಡಚಿ ಚೀಲದೊಳಗೆ ಇಟ್ಟುಕೊಳ್ಳುತ್ತಿದ್ದರು. ಮರುವಾರ ಆ ಕಾಗದಗಳು ಹೋದ ಹಾಗೆಯೇ ಖಾಲಿ ಬರುತ್ತಿದ್ದವು.

“ಇವರಿಗೆ ಮನಸ್ಸಿಲ್ಲವೇ?” ಎಂದು ಕೌನ್ಸೆಲರ್ ನನ್ನನ್ನು ಕೇಳಿದರು.

“ಇರಬಹುದು ಮೇಡಂ” ಅಂದೆ. ನನಗೂ ಹಾಗೇ ಕಂಡಿತ್ತು.

ನಾಲ್ಕನೇ ವಾರ ಆ ಹುಡುಗಿ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ತನ್ನ ಎತ್ತರಕ್ಕೆ ಒಂದು ಗೋಪುರ ಮಾಡಿದಳು. ತಾಯಿ ಎದ್ದು ಬಂದು ಮಂಡಿಯೂರಿ ಅವಳ ಎರಡೂ ಅಂಗೈಗೆ ಮುತ್ತಿಟ್ಟಳು. ನಗುತ್ತಾ “ತಿಕ್ಬರೀನಿ, ತಿಕ್ಬರೀನಿ” ಎಂದಳು. ನನ್ನ ಕಿವಿ ನಿಮಿರಿತು. ಕಬ್ರ್ ಎಂದರೆ ಗೋರಿ, ಅದು ನನಗೆ ಗೊತ್ತು. ನಮ್ಮೂರಲ್ಲಿ ನಮ್ಮ ಮನೆಗೂ ಮುಸ್ಲಿಂ ಬ್ಯಾರಿಗಳ ಮನೆಗೂ ಒಂದೇ ಬೇಲಿ, ಕಬರ್ ಎಂಬ ಶಬ್ದ ಚಿಕ್ಕಂದಿನಿಂದ ಕೇಳಿದ್ದೆ. ಪಕ್ಕದಲ್ಲಿದ್ದ ಇರಾಕಿ ಹೆಂಗಸಿಗೆ ಮೆಲ್ಲಗೆ ಕೇಳಿದೆ. ಅವಳು ನನಗೆ ತಿಳಿಯುವ ಹಾಗೆ ಗುದ್ದಲಿಯಿಂದ ಅಗೆದು ಮಣ್ಣು ಮುಚ್ಚುವ ಅಭಿನಯ ಮಾಡಿ, ಮಗುವನ್ನು ತೋರಿಸಿ, ತಾಯಿಯನ್ನು ತೋರಿಸಿದಳು. ಮಗು ತಾಯಿಯನ್ನು ಹೂಳುತ್ತದೆ. ಅಷ್ಟರಲ್ಲಿ ಯಾರದೋ ಮಗು ಅತ್ತಿತು, ಮಾತು ಅಲ್ಲಿಗೆ ನಿಂತಿತು.

ನಾನು ಹಾಳೆಯಲ್ಲಿ ಬರೆದೆ: ತಾಯಿ ಮಗುವಿಗೆ, ನೀನು ನನ್ನನ್ನು ಹೂಳುತ್ತೀ ಎಂದು ಎರಡು ಸಲ ಹೇಳಿದಳು. ಹೇಳುವಾಗ ನಗುತ್ತಿದ್ದಳು.

ಆ ಕೊನೆಯ ಸಾಲು ಓದಿದವರಿಗೆ ಇನ್ನೂ ಕೆಟ್ಟದಾಗಿ ಕಂಡಿತು.

ಮರುದಿನ ಕೌನ್ಸೆಲರ್ ಅವಳನ್ನು ಕರೆಸಿದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಸಾವಿನ ಮಾತು ಬಂದರೆ ಕೇಳದೆ ಬಿಡಬಾರದು ಎನ್ನುವುದು ಅವರ ಕಸುಬಿನ ನಿಯಮ. ಫೋನಿನ ಸ್ಪೀಕರ್‌ನಲ್ಲಿ ಒಬ್ಬ ಗಂಡಸಿನ ದನಿ ಭಾಷಾಂತರ ಮಾಡುತ್ತಿತ್ತು, ರೇಡಿಯೋ ವಾರ್ತೆ ಓದುವಂಥ ಅರಬ್ಬಿಯಲ್ಲಿ. ನಾನು ಪೆನ್ನು ಹಿಡಿದು ಪಕ್ಕದಲ್ಲಿ ಕೂತಿದ್ದೆ. ಸಾಯಬೇಕೆಂದು ನಿಮಗೆ ಅನಿಸುತ್ತದೆಯೇ, ಮಗುವಿನಿಂದ ನಿಮಗೆ ಭಯವಿದೆಯೇ, ಮಗುವಿಗೆ ಸಾವಿನ ಬಗ್ಗೆ ಏನು ಹೇಳುತ್ತೀರಿ. ಅವಳು ಮೊದಲು ಅರ್ಥವಾಗದೆ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಪೆನ್ನು ನೋಡಿದಳು. ಉತ್ತರ ಕೊಡುವ ಬದಲು ಅವಳು ಕೇಳಿದ್ದು ಒಂದೇ. “ಇದೆಲ್ಲ ಬರೆದಿದೆಯಾ?”

“ಹೌದು, ನಿಮ್ಮ ಫೈಲಿನಲ್ಲಿದೆ. ಯಾರೂ ನೋಡುವುದಿಲ್ಲ, ಗೋಪ್ಯವಾಗಿರುತ್ತದೆ” ಎಂದರು ಕೌನ್ಸೆಲರ್. ಫೋನಿನ ದನಿ ‘ಸಿರ್ರಿ’ ಎಂದಿತು. ಅದು ನನಗೂ ಅರ್ಥವಾಯಿತು: ರಹಸ್ಯ. ತನ್ನ ಮೇಲೆ ಒಂದು ರಹಸ್ಯ ಫೈಲು ಇದೆ ಎಂದು ಅವಳಿಗೆ ಕೇಳಿಸಿತ್ತು. ಅವಳು ಬಂದ ದೇಶದಲ್ಲಿ ಅಂಥ ಫೈಲು ಇದ್ದವರಿಗೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎದ್ದು, ಮಗಳ ಕೈ ಹಿಡಿದು, ಸಲಾಂ ಕೂಡ ಹೇಳದೆ ಹೋದಳು.

ಮುಂದಿನ ಮಂಗಳವಾರ ಹಾಲ್‌ಗೆ ಯಾರೂ ಬರಲಿಲ್ಲ. ಅವಳಿಗೆ ಆದದ್ದು ಒಬ್ಬರಿಂದೊಬ್ಬರಿಗೆ ವಾಟ್ಸಾಪಿನಲ್ಲಿ ಹೋಗಿತ್ತು. ಹತ್ತೂವರೆಯವರೆಗೆ ಕಾದು ನಾನು ಚಹಾದ ಕೆಟಲ್ ಖಾಲಿ ಮಾಡಿದೆ.

ತಪ್ಪು ನನ್ನದು ಎಂದು ತಿಳಿದದ್ದು ಅದೇ ವಾರದ ಕೊನೆಗೆ. ಎಂಟು ವರ್ಷದ ನನ್ನ ಮಗಳಿಗೆ ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ನಮ್ಮ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಲೆಬನಾನಿನ ಒಬ್ಬಳು, ನನ್ನದೇ ವಯಸ್ಸಿನವಳು, ಎಷ್ಟೋ ವರ್ಷದಿಂದ ಪರಿಚಯ. ಸೂಜಿ ಚುಚ್ಚುವ ಮೊದಲು ನನ್ನ ಮಗಳ ಗಲ್ಲ ಹಿಂಡಿ “ತೊಬ್ರೀನಿ” ಎಂದಳು. ಅವಳು ಎಲ್ಲ ಮಕ್ಕಳಿಗೂ ಹಾಗೇ ಹೇಳುತ್ತಿದ್ದಳು, ನಾನು ಅದನ್ನು ಚಿನ್ನ, ಪುಟ್ಟಿ ಎಂಬಂಥ ಒಂದು ಮಾತು ಎಂದುಕೊಂಡಿದ್ದೆ. ಅವತ್ತು ಯಾಕೋ ಕೇಳಿದೆ, ಹಾಗೆಂದರೆ ಏನು ಅಂತ.

“ನನ್ನನ್ನು ನೀನೇ ಹೂಳಬೇಕು ಅಂತ. ಕಬ್ರ್ ಗೊತ್ತಲ್ಲ? ಸಿರಿಯಾದ ಹಳ್ಳಿಯವರು ‘ಕ’ ಒತ್ತಿ ತಿಕ್ಬರೀನಿ ಎನ್ನುತ್ತಾರೆ, ನಾವು ಆ ‘ಕ’ ನುಂಗುತ್ತೇವೆ.”

“ಮಗುವಿಗೆ ಯಾರಾದರೂ ಹಾಗೆ ಹೇಳುತ್ತಾರಾ?”

“ಅದಕ್ಕಿಂತ ಪ್ರೀತಿಯ ಮಾತು ನಮ್ಮಲ್ಲಿಲ್ಲ. ನೀನಿಲ್ಲದ ಒಂದು ದಿನವೂ ನನಗೆ ಬೇಡ, ನಾನೇ ಮೊದಲು ಹೋಗಬೇಕು ಅಂತ ಅರ್ಥ. ಯಾಕೆ ನಿನ್ನ ಮುಖ ಹಾಗಾಯಿತು?”

ನನಗೆ ನಮ್ಮ ಅಜ್ಜಿಯ ನೆನಪಾಯಿತು. ನಮ್ಮ ಕ್ರೈಸ್ತರಲ್ಲಿ ಗುಂಡಿಗೆ ಪೆಟ್ಟಿಗೆ ಇಳಿಸಿದ ಮೇಲೆ ಮನೆಯವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ನನಗೆ ಜ್ವರ ಬಂದಾಗಲೆಲ್ಲ ಅಜ್ಜಿ ಹಣೆಗೆ ಒದ್ದೆ ಬಟ್ಟೆ ಇಟ್ಟು ಕೊಂಕಣಿಯಲ್ಲಿ ಹೇಳುತ್ತಿದ್ದಳು: ‘ನೀನು ಗಟ್ಟಿಯಾಗಬೇಕು ಮಗಾ, ನನಗೆ ಮಣ್ಣು ಹಾಕಲು ನೀನು ಬೇಕು.’ ನನಗದು ಎಂದೂ ಸಾವಿನ ಮಾತಾಗಿ ಕೇಳಿಸಿರಲಿಲ್ಲ. ಇಂಥ ಅಜ್ಜಿಯ ಕೈಯಲ್ಲಿ ಬೆಳೆದವಳು ನಾನು, ಇನ್ನೊಬ್ಬಳು ತಾಯಿ ಅದೇ ಮಾತನ್ನು ಆಡಿದಾಗ ಹಾಳೆಯ ಮೇಲೆ ಬರೆದುಕೊಂಡಿದ್ದೆ.

ಮಗಳನ್ನು ಅಲ್ಲೇ ಬಿಟ್ಟು ಕೌನ್ಸೆಲರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ನನ್ನ ಅರಬ್ಬಿ ರಿಸೆಪ್ಷನ್ ಮೇಜಿನದ್ದು ಎಂಬುದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿನಗೆ ಎಷ್ಟು ಖಚಿತ ಎಂದು ನಾನು ಕೇಳಬೇಕಿತ್ತು” ಎಂದರು. “ಖಚಿತವಿಲ್ಲ ಎಂದು ನೀನು ಹೇಳಬೇಕಿತ್ತು. ಇಬ್ಬರೂ ಮಾಡಲಿಲ್ಲ.”

ಬೈದಿದ್ದರೆ ಸುಲಭವಾಗುತ್ತಿತ್ತು.

ಅವರು ಅಂದೇ ತಿದ್ದುಪಡಿಯ ಹಾಳೆ ಬರೆದು ಸಹಿ ಮಾಡಿ ಫೈಲಿಗೆ ಸೇರಿಸಿದರು. ಆ ತಾಯಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಲ್ಯಾಬಿನ ಗೆಳತಿ ಅವರದೇ ಮಾತಿನಲ್ಲಿ ಒಂದು ಧ್ವನಿ ಸಂದೇಶ ಕಳಿಸಿದಳು, ಪಕ್ಕದಲ್ಲಿ ನಿಂತು ನಾನು ‘ಆಸ್ಫಾ, ಆಸ್ಫಾ’ ಎಂದು ನನಗೆ ಬರುವಷ್ಟರಲ್ಲಿ ಕ್ಷಮೆ ಕೇಳಿದೆ. ಮೂರು ದಿನ ಉತ್ತರವಿಲ್ಲ. ನಾಲ್ಕನೇ ದಿನ ಬಂದದ್ದು ಅತ್ತೆಯ ದನಿ. “ಇದು ಫೋನಿನಲ್ಲಿ ಮುಗಿಸುವ ವಿಷಯವಲ್ಲ. ಶುಕ್ರವಾರ ಬಂದು ಕಾಫಿ ಕುಡಿಯಿರಿ.”

ಶುಕ್ರವಾರ ಇಲ್ಲಿ ವಾರದ ರಜೆ; ಇಗರ್ಜಿಯ ಪೂಜೆ ಮುಗಿಸಿ, ಗೆಳತಿಯ ಕಾರಿನಲ್ಲಿ ಮುಹೈಸ್ನಾಕ್ಕೆ ಹೋದೆ. ಮುಹೈಸ್ನಾ ಎಂದರೆ ನಮ್ಮವರಿಗೆ ಸೋನಾಪುರದ ಲೇಬರ್ ಕ್ಯಾಂಪು ಮಾತ್ರ; ಇನ್ನೊಂದು ಕಡೆ ಸಂಸಾರಸ್ಥರ ಕಟ್ಟಡಗಳೂ ಇವೆ. ಮೂರನೇ ಮಹಡಿಯ ಒಂದು ಬೆಡ್‌ರೂಮಿನ ಫ್ಲಾಟು. ಬಾಗಿಲು ತೆಗೆದದ್ದು ಅತ್ತೆ, ಗಿಡ್ಡ ಹೆಂಗಸು, ಗಲ್ಲದ ಮೇಲೆ ಹಸಿರು ಹಚ್ಚೆಯ ಚುಕ್ಕಿ. ಗಂಡ ಎದ್ದು ನಿಂತು ಕುರ್ಚಿ ತೋರಿಸಿದ. ಸೊಸೆ ಒಳಗಿದ್ದಳು, ಹೊರಗೆ ಬರಲಿಲ್ಲ. ಕಹಿ ಕಾಫಿ ಬಂತು. ಮನೆಯನ್ನು ನೋಡಿದೆ. ಹಾಲ್‌ನಲ್ಲಿ ಗೋಡೆಗೆ ಒರಗಿಸಿಟ್ಟ ಹಾಸಿಗೆಗಳು. ಮಗುವನ್ನು ಅದರ ಕೋಣೆಗೆ ಕಳಿಸಿ ಎಂದು ನಾವು ಹೇಳಿಕೊಟ್ಟದ್ದು ಇವರಿಗೆ.

ನಾನು ಹೇಳಬೇಕಾದ್ದನ್ನು ಅಜ್ಜಿಯ ಮಣ್ಣಿನ ಮಾತಿನಿಂದ ಶುರು ಮಾಡಿದೆ. ಗೆಳತಿ ತಿರುಗಿಸಿ ಹೇಳಿದಳು. ಅತ್ತೆ ನಡುವೆ ತಡೆದು, “ನಿನ್ನ ಅಜ್ಜಿಗೆ ಮಣ್ಣು ಹಾಕಿದೆಯಾ?” ಎಂದು ಕೇಳಿದಳು.

“ಇಲ್ಲ. ನಾನು ಇಲ್ಲಿದ್ದೆ. ರಜೆ ಸಿಗಲಿಲ್ಲ.”

ಆ ಮಾತಿಗೆ ಒಳಗಿನಿಂದ ಸೊಸೆ ಹೊರಗೆ ಬಂದಳು. ಬಾಗಿಲಲ್ಲೇ ನಿಂತು ಕೇಳಿದಳು. “ಆ ಕಾಗದ ಹರಿದಿರಾ?”

“ಹರಿಯುವ ಹಾಗಿಲ್ಲ. ಆದರೆ ಅದರ ಮೇಲೆ ಇನ್ನೊಂದು ಕಾಗದ ಇಟ್ಟಿದ್ದೇವೆ, ಬರೆದವಳಿಗೆ ಭಾಷೆ ಗೊತ್ತಿರಲಿಲ್ಲ, ತಾಯಿ ಹೇಳಿದ್ದು ಪ್ರೀತಿಯ ಮಾತು ಎಂದು.” ಅದರ ಪ್ರತಿಯನ್ನು ತಂದಿದ್ದೆ. ಗೆಳತಿ ಓದಿ ಹೇಳಿದಳು. ಅವಳು ಆ ಹಾಳೆ ಇಸಿದುಕೊಂಡು, ಇಂಗ್ಲಿಷ್ ಓದಲು ಬಾರದಿದ್ದರೂ ಒಂದೊಂದು ಸಾಲಿನ ಮೇಲೆ ಬೆರಳು ಹಾಯಿಸಿ ನೋಡಿದಳು. ಆಮೇಲೆ ಕೂತಳು.

“ಇನ್ನೊಂದು ಹೇಳುತ್ತೇನೆ” ಅಂದಳು. “ನಿಮ್ಮ ಕುರ್ಚಿ. ಮಗುವನ್ನು ಮೂಲೆಯಲ್ಲಿ ಒಂಟಿ ಕೂರಿಸು ಅನ್ನುತ್ತೀರಿ. ಊರಿನಲ್ಲಿ ಬಾಂಬು ಬೀಳುವಾಗ ನೆಲಮಾಳಿಗೆಯ ಮೂಲೆಯಲ್ಲಿ ಇವಳನ್ನು ಕೂರಿಸುತ್ತಿದ್ದೆವು. ಹದಿನೈದು ದಿನ ಹಾಗಿದ್ದೆವು. ನಾನು ಅವಳನ್ನು ಮೂಲೆಗೆ ಕಳಿಸಿದರೆ ಅವಳಿಗೆ ಏನು ನೆನಪಾಗುತ್ತದೆ?”

“ಇದನ್ನು ತರಗತಿಯಲ್ಲಿ ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲ. ಅರ್ಥವಾಯಿತಾ ಎಂದು ಕೇಳಿದಿರಿ. ಅರ್ಥವಾಗಿತ್ತು.”

ಗಂಡ ಕಾಫಿ ಲೋಟ ಕೆಳಗಿಟ್ಟು, “ನನಗೆ ವಾರಕ್ಕೆ ಎರಡು ರಾತ್ರಿ ಮಕ್ಕಳು ಸಿಗುತ್ತಾರೆ. ಒಂದೋ ಹೊಡೆಯುತ್ತೇನೆ, ಇಲ್ಲವೇ ಆಟಿಕೆ ಕೊಡಿಸುತ್ತೇನೆ. ಮೂರನೆಯದೇನಾದರೂ ಇದ್ದರೆ ನನಗೂ ಹೇಳಿಕೊಡಿ. ನಿಮ್ಮ ತರಗತಿ ಮಂಗಳವಾರ ಬೆಳಿಗ್ಗೆ” ಎಂದ. ಅತ್ತೆ ಮುಂದುವರಿಸಿದಳು. “ಹಗಲೆಲ್ಲ ಮಕ್ಕಳನ್ನು ನೋಡುವವಳು ನಾನು. ಸೊಸೆ ಅಲ್ಲಿ ಏನೋ ಕಲಿತು ಬಂದು ನನ್ನನ್ನು ತಿದ್ದುತ್ತಾಳೆ. ನನಗೊಂದು ಕುರ್ಚಿ ಹಾಕಿದ್ದೀರಾ?”

ಹಾಕಿರಲಿಲ್ಲ. ತಂದೆ ತಾಯಿಗೆ ಮಾತ್ರ ಎಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿತ್ತು.

ನಾವು ಹೊರಡುವಾಗ ಸೊಸೆ ತರಗತಿಗೆ ವಾಪಸು ಬರುತ್ತೇನೆ ಎನ್ನಲಿಲ್ಲ. ನೋಡೋಣ, ಇನ್ಶಾಲ್ಲಾ ಎಂದಳು. ಇಲ್ಲಿ ಹತ್ತು ವರ್ಷ ಇದ್ದವರಿಗೆ ಆ ಮಾತು ಇಲ್ಲ ಎಂದೂ ಆಗಬಹುದು ಎಂದು ಗೊತ್ತಿರುತ್ತದೆ.

ನಾನು ಕೇಳಿದ್ದನ್ನೆಲ್ಲ ಕೌನ್ಸೆಲರ್‌ಗೆ ಹೇಳಿದೆ. ಅವರು ಎರಡು ವಾರ ತರಗತಿ ನಿಲ್ಲಿಸಿದರು. ಲ್ಯಾಬಿನ ಗೆಳತಿಗೆ ಮಂಗಳವಾರ ಎರಡು ಗಂಟೆ ಬಿಡುವು ಕೊಡಿಸಿದರು. ಮಾತು ತಿರುಗಿಸುವುದು ಇನ್ನು ಅವಳ ಕೆಲಸ. ಗಂಡಸರಿಗಾಗಿ ಶುಕ್ರವಾರ ಸಂಜೆ, ತಿಂಗಳಿಗೊಮ್ಮೆ. ಅಜ್ಜಿಯರು ಬರಬಹುದು. ಮೂಲೆಯ ಕುರ್ಚಿ ಹೋಯಿತು. ಪುಸ್ತಕವನ್ನು ಮೇಜಿನ ಮೇಲೆ ಮಗುಚಿಟ್ಟು, ನಿಮ್ಮ ಮನೆಯಲ್ಲಿ ಮಗು ಹಟ ಹಿಡಿದರೆ ಹಿರಿಯರು ಏನು ಮಾಡುತ್ತಿದ್ದರು ಎಂಬಲ್ಲಿಂದ ಅವರು ಶುರು ಮಾಡಿದರು.

ಹೊಸ ತರಗತಿಗೆ ಮೊದಲ ದಿನ ಬಂದವರು ನಾಲ್ಕೇ ಜನ. ಆ ನಾಲ್ವರಲ್ಲಿ ಸೊಸೆ ಇರಲಿಲ್ಲ. ಆದರೆ ಹಸಿರು ಚುಕ್ಕಿಯ ಅತ್ತೆ ಮೊಮ್ಮಗಳನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದಳು. ಮುಂದಿನ ಸಾಲಿನಲ್ಲಿ ಕೂತು, “ಹೇಳಿ, ಇವತ್ತು ಏನು ತಪ್ಪು ಹೇಳಿಕೊಡುತ್ತೀರಿ, ಕೇಳೋಣ” ಎಂದಳು. ಎಲ್ಲರೂ ನಕ್ಕರು. ಕೌನ್ಸೆಲರ್ ಕೂಡ, ಭಾಷಾಂತರ ತಲುಪಿದ ಮೇಲೆ.

ಹೊಗಳುವ ವಿಷಯ ಬಂದಾಗ ಅವಳೇ ಬಿಡಿಸಿ ಹೇಳಿದಳು. ಮಗುವನ್ನು ಹಾಗೇ ಬರಿದೇ ಹೊಗಳಿದರೆ ಕಣ್ಣು ಬೀಳುತ್ತದೆ, ಅದಕ್ಕೇ ಯಾರೂ ನಕ್ಷತ್ರ ಅಂಟಿಸಿರಲಿಲ್ಲ. ಹೊಗಳುವ ಮೊದಲು ಮಾಶಾಲ್ಲಾ, ಎಲ್ಲ ದೇವರ ಇಚ್ಛೆ ಅನ್ನಿ, ಆಮೇಲೆ ಎಷ್ಟು ಬೇಕಾದರೂ ಹೊಗಳಿ. ದೃಷ್ಟಿ ತಾಗುವುದು ಏನೆಂದು ಕೌನ್ಸೆಲರ್‌ಗೆ ವಿವರಿಸುವಾಗ ನನಗೆ ಯಾವ ಭಾಷಾಂತರವೂ ಬೇಕಾಗಲಿಲ್ಲ. ಮಕ್ಕಳ ಗಲ್ಲಕ್ಕೆ ಕಪ್ಪು ಬೊಟ್ಟು ಇಡುವ ಊರಿನವಳು ನಾನು. ಇನ್ನು ಕಚ್ಚುವ ಹುಡುಗಿಗೆ ಒಂಟಿ ಕುರ್ಚಿಯ ಬದಲು ಅಜ್ಜಿಯ ಮಗ್ಗುಲು ಎಂದಾಯಿತು. ಕಚ್ಚಿದರೆ ಆಟ ನಿಲ್ಲಬೇಕು, ಅಜ್ಜಿಯ ತೊಡೆಗೆ ತೊಡೆ ತಾಗಿಸಿ ಕೂರಬೇಕು, ಮಾತಿಲ್ಲ, ಬೈಗುಳವಿಲ್ಲ, ಉಸಿರು ಹದಕ್ಕೆ ಬರುವವರೆಗೆ. ಅಜ್ಜಿ ತನ್ನ ಜಪಮಣಿಯನ್ನು ಹುಡುಗಿಯ ಕೈಗೆ ಕೊಟ್ಟು ಎಣಿಸಲು ಹೇಳುತ್ತಿದ್ದಳಂತೆ. ಇದು ಪುಸ್ತಕದಲ್ಲಿರಲಿಲ್ಲ.

ಮೂರನೇ ವಾರ ಸೊಸೆಯೂ ಬಂದಳು. ನನ್ನ ಕಡೆ ನೋಡಿ ತಲೆಯಾಡಿಸಿದಳು, ಅಷ್ಟೇ. ನನ್ನ ಜೊತೆ ಸಲಿಗೆಯಿಂದ ಮಾತಾಡಲು ಅವಳಿಗೆ ಇನ್ನೂ ಬಹಳ ತಿಂಗಳು ಬೇಕಾಯಿತು. ಅವಳು ಹತ್ತಿರ ಬಂದಾಗ ನಾನು ಪೆನ್ನು ಕೆಳಗಿಡುವುದನ್ನು ರೂಢಿ ಮಾಡಿಕೊಂಡೆ.

ಈ ಎಲ್ಲದರ ನಡುವೆ ನನ್ನ ಮನೆಯಲ್ಲೂ ಸ್ವಲ್ಪ ಏರುಪೇರಾಯಿತು. ದಿನಕ್ಕೆ ಹತ್ತು ನಿಮಿಷ ಮಗು ಹೇಳಿದ ಆಟ ಆಡಿ, ಪಾಠ ಹೇಳಬೇಡಿ, ತಪ್ಪು ಹಿಡಿಯಬೇಡಿ ಎಂದು ತರಗತಿಯಲ್ಲಿ ತಾಯಂದಿರಿಗೆ ಹೋಮ್‌ವರ್ಕ್ ಕೊಡುತ್ತಿದ್ದರು. ಬೇರೆಯವರ ಹಾಜರಿ ಹಾಕುವ ನಾನು ಇದನ್ನೊಮ್ಮೆ ಮಾಡಿ ನೋಡೋಣ ಎಂದು ಮಗಳ ಹತ್ತಿರ ಕೂತೆ. ನಾನು ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಅವಳು. ಅದಕ್ಕಾಗಿ ದಿನಾ ಜಗಳ, ಎರಡು ಸಲ ಸೌಟಿನ ಏಟೂ ಬಿದ್ದಿತ್ತು. ನನ್ನನ್ನು ಅನುಮಾನದಿಂದ ನೋಡಿ ಇಂಗ್ಲಿಷಿನಲ್ಲೇ ಕೇಳಿದಳು, “ಮಮ್ಮಿ, ನನ್ನ ಮೇಲೆ ಪ್ರಾಕ್ಟೀಸ್ ಮಾಡ್ತಿದ್ದೀಯಾ?”

“ಹೌದು” ಅಂದೆ.

ಅವಳು ಯೋಚಿಸಿ, “ಸರಿ. ಹಾಗಾದರೆ ನೀನು ಪೇಷೆಂಟು” ಎಂದು ನನ್ನನ್ನು ಮಂಚದ ಮೇಲೆ ಮಲಗಿಸಿದಳು. ಹತ್ತು ನಿಮಿಷ ನಲವತ್ತಾಯಿತು. ಅವಳ ಭಾಷೆ ಬದಲಾಗಲಿಲ್ಲ, ಇಂದಿಗೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆ. ಸೌಟು ಮಾತ್ರ ಮತ್ತೆ ಏಳಲಿಲ್ಲ.

ಆ ಸಿರಿಯಾದ ಹುಡುಗಿ ತಮ್ಮನನ್ನು ಕಚ್ಚುವುದನ್ನು ಬಿಡಲು ನಾಲ್ಕು ತಿಂಗಳು ಹಿಡಿಯಿತು. ನಡುವೆ ಒಮ್ಮೆ ಸಂಪೂರ್ಣ ನಿಂತು, ಅಪ್ಪನಿಗೆ ರಜೆ ಸಿಗದ ಒಂದು ತಿಂಗಳಲ್ಲಿ ಮತ್ತೆ ಶುರುವಾಯಿತು. ಆಗ ಅವನು ಶುಕ್ರವಾರದ ಗುಂಪಿನಲ್ಲಿ ಕಲಿತ ಹಾಗೆ ಅಬುಧಾಬಿಯಿಂದ ದಿನಾ ಸಂಜೆ ಊಟದ ಬಿಡುವಿನಲ್ಲಿ ಮಗಳಿಗೆ ಒಂದು ಧ್ವನಿ ಸಂದೇಶ ಕಳಿಸತೊಡಗಿದ. ಇವತ್ತು ವರ್ಕ್‌ಶಾಪಿಗೆ ಬೆಕ್ಕು ಬಂತು, ಇವತ್ತು ಕೈಗೆ ಎಣ್ಣೆ ಮೆತ್ತಿಕೊಂಡಿತು, ಅಂಥ ಸಣ್ಣ ಸುದ್ದಿಗಳು. ಹುಡುಗಿ ಮೊದಲು ಕೇಳುತ್ತಿದ್ದಳು, ಆಮೇಲೆ ಉತ್ತರ ಕಳಿಸತೊಡಗಿದಳು. ಮನೆಯ ಹೊರಗೆ ಅವಳು ಮೊದಲು ಬಾಯಿ ಬಿಟ್ಟದ್ದೂ ಫೋನಿಗೇ, ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತು. ಬೆಕ್ಕು ಮರಿ ಹಾಕಿತಾ ಎಂದು ಕೇಳಿದಳು. ನಾನು ಚಹಾ ಲೋಟ ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಿ ಕೇಳಿಸಿಕೊಂಡೆ, ತಿರುಗಿ ನೋಡಲಿಲ್ಲ.

ಮುಂದಿನ ವರ್ಷದ ತಂಡಕ್ಕೆ ಅವಳ ತಾಯಿಯನ್ನೇ ಕೌನ್ಸೆಲರ್ ಸಹಾಯಕ್ಕೆ ಕರೆದರು. ಹೊಸಬರು ಬಂದು ಕೂತ ಮೊದಲ ದಿನ ಅವಳು ಹೇಳುತ್ತಿದ್ದದ್ದು ಒಂದೇ ಮಾತು. “ಇಲ್ಲಿ ಬರೆಯುತ್ತಾರೆ. ಏನು ಬರೆದರು ಎಂದು ಕೇಳಿ. ಓದಿ ಹೇಳಿ ಎನ್ನಿ. ಅವರು ಹೇಳುತ್ತಾರೆ.” ಆಗ ನಾನು ಎದ್ದು ಆ ದಿನದ ಹಾಳೆಗಳನ್ನು ಗೆಳತಿಯ ಕೈಗೆ ಕೊಡುತ್ತಿದ್ದೆ, ಅವಳು ಒಂದೊಂದನ್ನೂ ಆಯಾ ತಾಯಿಗೆ ಓದಿ ಹೇಳುತ್ತಿದ್ದಳು. ಕೆಲವರು ತಿದ್ದಿಸುತ್ತಿದ್ದರು. ಒಬ್ಬಳು ಯೆಮನಿನ ಹೆಂಗಸು ತನ್ನ ಮಗನನ್ನು ತುಂಟ ಎಂದು ಬರೆದದ್ದನ್ನು ಹೊಡೆದು ಹಾಕಿಸಿ, ಚುರುಕು ಎಂದು ಬರೆಸಿದಳು. ನಾನು ಬರೆದೆ.